ಪ್ರೆಸ್ಟೀಜ್ ಕ್ಲಾಸ್‌ಗಳ ಪ್ರವೇಶ ಷರತ್ತು ಬದಲಾಗಿದೆ: ನಮ್ಮ ಗ್ರಾಹಕರಿಗೊಂದು ಪತ್ರ

ಆತ್ಮೀಯ ಗ್ರಾಹಕರೇ,

ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಕಥೆಯಾಟದ ನಮ್ಮ ನಿಯಮಪುಸ್ತಕದ ಮುಂದಿನ ಮುದ್ರಣದಲ್ಲಿ ಪ್ರೆಸ್ಟೀಜ್ ಕ್ಲಾಸ್‌ಗಳ, ಅಂದರೆ ಪಾತ್ರ ಬೆಳೆದ ಮೇಲೆ ಸೇರಬಹುದಾದ ವಿಶೇಷ ವರ್ಗಗಳ, ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆದಿದ್ದೇವೆ. ಇಂತಿಂಥ ಫೀಟ್ (ಪಾತ್ರಕ್ಕೆಂದು ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ಇರಬೇಕು, ಇಂಥ ಕೌಶಲದಲ್ಲಿ ಇಷ್ಟು ಅಂಕ ಇರಬೇಕು ಎಂಬ ಪಟ್ಟಿಗಳು ಇನ್ನಿಲ್ಲ. ಕೇಳುವುದು ಎರಡೇ: ಪಾತ್ರ 7ನೇ ಲೆವೆಲ್ ಮುಟ್ಟಿರಬೇಕು, ಆ ವರ್ಗಕ್ಕೆ ತಕ್ಕ ಒಂದು ಕೆಲಸವನ್ನು ಆಟದೊಳಗೆ ಮಾಡಿ ತೋರಿಸಿರಬೇಕು.

ಇದಕ್ಕೆ ಕಾರಣವಾದದ್ದು ನಿಮ್ಮಲ್ಲೊಬ್ಬರು ಕಳುಹಿಸಿದ ಪಾತ್ರದ ಹಾಳೆ. ಆಟದಲ್ಲಿ ಅವರ ಪಾತ್ರವಾದ ಕಳ್ಳಿ ಸೆರೆಮನೆಯ ಅಂಗಳದಲ್ಲಿ ಕಾವಲುಗಾರರೆದುರು ರಾತ್ರಿಯಿಡೀ ಕುಣಿದು, ಅವರ ಕಣ್ಣು ತನ್ನ ಮೇಲಿಂದ ಕದಲದಂತೆ ನೋಡಿಕೊಂಡು, ಸಂಗಡಿಗರನ್ನು ಗೋಡೆ ದಾಟಿಸಿದ್ದಳು. ಅವಳು ನೆರಳುನರ್ತಕಿ ಎಂಬ ಪ್ರೆಸ್ಟೀಜ್ ಕ್ಲಾಸ್ ಸೇರಲೇಬೇಕೆಂದು ಮೇಜಿನ ಸುತ್ತ ಕುಳಿತವರೆಲ್ಲ ಒಪ್ಪಿದ್ದರು. ಒಪ್ಪದೇ ಹೋದದ್ದು ನಮ್ಮ ಪುಸ್ತಕ. ನೃತ್ಯಕ್ಕೆ 5 ಅಂಕ ಬೇಕಿತ್ತು, ಇದ್ದದ್ದು 4. ಹಾಳೆಯ ಆ ಮನೆಯಲ್ಲಿ ಪೆನ್ಸಿಲ್ಲಿನಿಂದ 5 ಎಂದು ಬರೆದು, ಅಳಿಸಿ, ಮತ್ತೆ 4 ಎಂದು ಬರೆದಿದ್ದರು. ಉಜ್ಜಿ ಉಜ್ಜಿ ಕಾಗದ ತೆಳುವಾಗಿತ್ತು. ಇನ್ನೊಂದು ಲೆವೆಲ್ ಕಾಯಿರಿ ಎಂದು ನಾವು ಉತ್ತರಿಸಿದೆವು. ನಿಯಮದ ಪ್ರಕಾರ ಅದು ಸರಿಯಾದ ಉತ್ತರ. ಆದರೆ ಅದನ್ನು ಕಳುಹಿಸಿದ ಮೇಲೆ ನಮಗೆ ನೆಮ್ಮದಿ ಇರಲಿಲ್ಲ.

ಇಂಥ ಷರತ್ತುಗಳು ಈ ಬಗೆಯ ಆಟಗಳಿಗೆ ಹೊಸವೇನಲ್ಲ. 1978ರ ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಬಾರ್ಡ್ (ಹಾಡುಗಾರ) ಆಗಬೇಕಾದವನು ಮೊದಲು ಯೋಧನಾಗಿ, ಆಮೇಲೆ ಕಳ್ಳನಾಗಿ ಲೆವೆಲ್ ಏರಿ ಬರಬೇಕಿತ್ತು. ಅದೇ ಆಟದ 2000ದ ಮೂರನೇ ಆವೃತ್ತಿ ಇಂಥ ಮುಂದಿನ ವರ್ಗಗಳಿಗೆ ಪ್ರೆಸ್ಟೀಜ್ ಕ್ಲಾಸ್ ಎಂಬ ಹೆಸರು ಕೊಟ್ಟು ಷರತ್ತುಗಳ ಪಟ್ಟಿಯನ್ನು ಜೊತೆಗಿಟ್ಟಿತು. ಅದರ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುವ ಮುಕ್ತ ಪರವಾನಗಿಯನ್ನು ಬಳಸಿ ಪುಸ್ತಕ ಕಟ್ಟಿದವರು ನಾವು. ಪಟ್ಟಿಗಳನ್ನೂ ಹಾಗೆಯೇ ಎತ್ತಿಕೊಂಡೆವು, ಅವು ಯಾಕಿವೆ ಎಂದು ಕೇಳಲಿಲ್ಲ.

ಈಗ ಕೂತು ಲೆಕ್ಕ ಹಾಕಿದಾಗ ಗೊತ್ತಾದದ್ದು ಇದು. ಆ ನಿಯಮದಲ್ಲಿ ಒಂದು ಕೌಶಲಕ್ಕೆ ಹಾಕಬಹುದಾದ ಗರಿಷ್ಠ ಅಂಕ, ಲೆವೆಲ್‌ಗೆ 3 ಕೂಡಿಸಿದಷ್ಟು. ಅಂದರೆ ‘ಸದ್ದಿಲ್ಲದೆ ನಡೆಯುವುದರಲ್ಲಿ 8 ಅಂಕ’ ಎಂದರೆ ಕಳ್ಳನಿಗೆ 5ನೇ ಲೆವೆಲ್. ಯೋಧನಿಗೆ ಅದು ತನ್ನ ವರ್ಗದ ಕೌಶಲವಲ್ಲ, ಗರಿಷ್ಠ ಮಿತಿ ಅರ್ಧಕ್ಕೆ ಇಳಿಯುತ್ತದೆ. ಅದೇ 8 ಅಂಕ ಅವನಿಗೆ ದಕ್ಕುವುದು 13ನೇ ಲೆವೆಲ್‌ನಲ್ಲಿ. ಒಂದೇ ಸಾಲು ಒಬ್ಬನಿಗೆ ಹೊಸ್ತಿಲು, ಇನ್ನೊಬ್ಬನಿಗೆ ಗೋಡೆ. ಫೀಟ್‌ಗಳದ್ದು ಇನ್ನೂ ಬೇಸರದ ಕಥೆ. ನೆರಳುನರ್ತಕಿಗೆ ಮೂರು ಫೀಟ್ ಬೇಕು. ಮನುಷ್ಯಕುಲದವಳಲ್ಲದ ಕಳ್ಳಿಗೆ 7ನೇ ಲೆವೆಲ್‌ವರೆಗೆ ಸಿಗುವುದೇ ಮೂರು: 1, 3 ಮತ್ತು 6ರಲ್ಲಿ. ಅವುಗಳಲ್ಲೊಂದು ‘ಡಾಡ್ಜ್’, ತಾನು ಗುರುತಿಸಿದ ಒಬ್ಬನೇ ಎದುರಾಳಿಯ ವಿರುದ್ಧ ರಕ್ಷಣೆಗೆ 1 ಸೇರಿಸುವಂಥದ್ದು. ಮುಂದೆಂದೋ ಆಗಲಿರುವ ವರ್ಗಕ್ಕಾಗಿ ಮೊದಲ ದಿನದಿಂದಲೇ ಕಂದಾಯ ಕಟ್ಟಿದ ಹಾಗೆ. ಆಟದ ನಡುವೆ ಯಾರಾದರೂ ಮನಸ್ಸು ಬದಲಾಯಿಸಿದರೆ ಅವರಿಗೆ ದಾರಿಯೇ ಇಲ್ಲ.

ಆದರೆ ಅದೇ ಆವೃತ್ತಿಯಲ್ಲಿ ಅಸಾಸಿನ್ (ಗುಪ್ತ ಕೊಲೆಗಾರ) ಆಗುವವನಿಗೆ ಅಂಕಿಯೇ ಇಲ್ಲದ ಒಂದು ಷರತ್ತೂ ಇತ್ತು: ಆ ಗುಂಪಿಗೆ ಸೇರಬೇಕೆಂಬುದೊಂದೇ ಕಾರಣಕ್ಕೆ ಅವನು ಒಬ್ಬರನ್ನು ಕೊಂದಿರಬೇಕು. ಘೋರವಾದ ಸಾಲು, ನಿಜ. ಆದರೆ ಪಾತ್ರ ಎಂಥದ್ದು ಎಂಬುದನ್ನು ಅದು ಹೇಳುತ್ತದೆ, ಅದಕ್ಕೊಂದು ಆಟದ ರಾತ್ರಿಯೇ ಬೇಕಾಗುತ್ತದೆ. ನಮ್ಮ ಹೊಸ ಷರತ್ತುಗಳೆಲ್ಲ ಆ ಬಗೆಯವು. ಕೆಲಸ ಆಯಿತೇ ಇಲ್ಲವೇ ಎಂಬ ತೀರ್ಮಾನ ಆಟ ನಡೆಸುವ ಗೇಮ್ ಮಾಸ್ಟರ್ ಅವರದು.

ಒಂದು ವಿಷಯದಲ್ಲಿ ಮಾತ್ರ ಬದಲಾವಣೆ ಇಲ್ಲ. ಮಂತ್ರಶಕ್ತಿಯ ಮೇಲೆಯೇ ನಿಂತಿರುವ ವರ್ಗಗಳಿಗೆ ಮಂತ್ರ ಬಲ್ಲವರೇ ಸೇರಬೇಕು. ಬಾಣಕ್ಕೆ ಮಂತ್ರ ತುಂಬುವವನಿಗೆ ಮಂತ್ರವೇ ಬಾರದಿದ್ದರೆ ಆ ವರ್ಗ ಅವನ ಕೈಯಲ್ಲಿ ಏನೂ ಮಾಡದು.

ನಮ್ಮ ಬಳಗದ ಇಬ್ಬರು ಸದಸ್ಯರು ಈ ಬದಲಾವಣೆಯನ್ನು ಕೊನೆಯವರೆಗೂ ವಿರೋಧಿಸಿದರು. ಒಂದನೇ ಲೆವೆಲ್‌ನಲ್ಲೇ ಹತ್ತನೆಯದರವರೆಗೆ ಯೋಜನೆ ಹಾಕಿ, ಒಂದೊಂದೇ ಮೆಟ್ಟಿಲು ಜೋಡಿಸುವುದರಲ್ಲಿ ದೊಡ್ಡ ಸುಖವಿದೆ ಎಂಬುದು ಅವರ ವಾದ. ಆ ಸುಖ ನಮಗೂ ಗೊತ್ತು. ಅದಕ್ಕೇ ಹಳೆಯ ಪಟ್ಟಿಗಳನ್ನು ಪುಸ್ತಕದ ಕೊನೆಯಲ್ಲಿ ಐಚ್ಛಿಕ ನಿಯಮವಾಗಿ ಉಳಿಸಿದ್ದೇವೆ. ನಿಮ್ಮ ಮೇಜಿನವರೆಲ್ಲ ಒಪ್ಪಿದರೆ ಹಾಗೆಯೇ ಆಡಬಹುದು.

ಹಳೆಯ ಮುದ್ರಣ ಕೊಂಡವರು ಹೊಸದನ್ನು ಕೊಳ್ಳಬೇಕಾಗಿಲ್ಲ. ತಿದ್ದಿದ ಅಧ್ಯಾಯವನ್ನು ಎಲ್ಲರಿಗೂ ಉಚಿತವಾಗಿ ಕಳುಹಿಸುತ್ತೇವೆ. ಈಗಾಗಲೇ ಪ್ರೆಸ್ಟೀಜ್ ಕ್ಲಾಸ್ ಸೇರಿರುವ ಪಾತ್ರಗಳು ಹಾಗೆಯೇ ಮುಂದುವರಿಯಲಿ. ಷರತ್ತಿಗಾಗಿಯೇ ತೆಗೆದುಕೊಂಡಿದ್ದ ಫೀಟ್‌ಗಳನ್ನು ಒಂದು ಸಲ, ಎರಡು ಆಟಗಳ ನಡುವಿನ ಬಿಡುವಿನಲ್ಲಿ, ಬೇರೆಯದಕ್ಕೆ ಬದಲಾಯಿಸಿಕೊಳ್ಳಬಹುದು. ಆ ಕಳ್ಳಿಯ ಹಾಳೆ ಕಳುಹಿಸಿದವರಿಗೆ ಪ್ರತ್ಯೇಕವಾಗಿ ಬರೆದಿದ್ದೇವೆ. ಅವಳು ಕಾಯಬೇಕಾಗಿಲ್ಲ, ಮುಂದಿನ ಆಟಕ್ಕೆ ನೆರಳುನರ್ತಕಿಯಾಗಿಯೇ ಬರಬಹುದು.

ಇಂತಿ ನಿಮ್ಮ,
ನಿಯಮಪುಸ್ತಕದ ಸಹಕಾರಿ ಬಳಗ