ಕಾಲು ಹೇಗುಂಟು ಅಂತ ಕೇಳಿದವರಿಗೆಲ್ಲ

ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ನನ್ನ ಕೈಯಿಂದ ಟಿಕೆಟ್ ತೆಗೆದುಕೊಂಡವರು ಇಲ್ಲಿ ಸುಮಾರು ಜನ ಇದ್ದೀರಿ. ಮತ್ತೆ ಡ್ಯೂಟಿಗೆ ಬಂದಿದ್ದೇನೆ. "ಕಾಲು ಹೇಗುಂಟು ಮಾರಾಯ್ರೆ?" ಅಂತ ಕೇಳಿದವರಿಗೆ ಬಸ್ಸಿನ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ.

ಎಡಗಾಲಿನ ನರದಲ್ಲಿ, ಅಂದರೆ ರಕ್ತನಾಳದಲ್ಲಿ, ರಕ್ತ ಕೆಳಗೆ ಇಳಿಯದಂತೆ ತಡೆಯುವ ವಾಲ್ವ್ ಕೆಟ್ಟು ಹುಣ್ಣಾಗಿತ್ತು, ಅದಕ್ಕೇ ಆಪರೇಷನ್ ಆಯ್ತು. ಈಗ ಹುಣ್ಣು ವಾಸಿಯಾಗಿದೆ. ಸಂಜೆಯ ಬಾವು ತುಂಬಾ ಕಡಿಮೆ. ಪಾದದ ಗಂಟಿನ ಮೇಲೆ ಕಂದಾದ ಚರ್ಮ ಮಾತ್ರ ಹಾಗೇ ಉಂಟು. ಇರಲಿ ಬಿಡಿ, ಪ್ಯಾಂಟಿನೊಳಗೆ ಯಾರು ನೋಡ್ತಾರೆ?

ನನ್ನ ಮೊದಲ ಥ್ಯಾಂಕ್ಸ್ ಡಾಪ್ಲರ್ ಸ್ಕ್ಯಾನ್, ಅಂದರೆ ನರದಲ್ಲಿ ರಕ್ತ ಹೇಗೆ ಓಡುತ್ತದೆ ಅಂತ ನೋಡುವ ಸ್ಕ್ಯಾನ್, ಮಾಡಿದ ಮೇಡಂಗೆ. ಅದಕ್ಕೆ ಮುಂಚೆ ಬೇರೆ ಕಡೆ ಲೇಸರ್‌ನಲ್ಲಿ ಚರ್ಮದ ಹತ್ತಿರದ ನರ ಮುಚ್ಚಿಸಿ ಆಗಿತ್ತು. ಹುಣ್ಣು ವಾಪಸ್ ಬಂದಿತ್ತು. ಅಲ್ಲಿ ಮಲಗಿಸಿಯೇ ಸ್ಕ್ಯಾನ್ ಮಾಡಿದ್ದರು. ಈ ಮೇಡಂ ನಿಲ್ಲಿಸಿದರು. ಭಾರವೆಲ್ಲ ಬಲಗಾಲಿಗೆ ಹಾಕಿ, ಎಡಗಾಲು ಸಡಿಲ ಬಿಡಿ ಅಂದರು. ಮೀನಖಂಡ ಹಿಂಡಿದರು, ರಕ್ತ ಮೇಲೆ ಹೋಗುವ ಸದ್ದು ಬಂತು. ಕೈ ಬಿಟ್ಟ ಕೂಡಲೇ ವಾಲ್ವ್ ಮುಚ್ಚಿ ಸದ್ದು ನಿಲ್ಲಬೇಕು. ನನ್ನದು ಸುಯ್ ಅಂತ ಕೆಳಗೆ ಇಳಿಯುತ್ತಲೇ ಇತ್ತು. ತೊಡೆಯ ಒಳಗಿನ ದೊಡ್ಡ ನರದಲ್ಲಿ 1 ಸೆಕೆಂಡಿಗಿಂತ ಜಾಸ್ತಿ ಹೊತ್ತು ರಕ್ತ ಹಿಂದೆ ಬಂದರೆ ವಾಲ್ವ್ ಕೆಟ್ಟಿದೆ ಅಂತ ಲೆಕ್ಕ. ಅವರು ಅವಸರ ಮಾಡದೆ ಇಡೀ ಕಾಲು ನೋಡಿದರು. ರಕ್ತ ಹೆಪ್ಪುಗಟ್ಟಿದ ಗುರುತಿಲ್ಲ, ವಾಲ್ವಿನ ಎಸಳುಗಳು ಜೋತುಬಿದ್ದಿವೆ ಅಷ್ಟೇ ಅಂತ ಬರೆದರು. ರಿಪೇರಿ ಸಾಧ್ಯ ಅಂತ ಗೊತ್ತಾದದ್ದು ಆ ಸಾಲಿನಿಂದ. ಹೆಪ್ಪುಗಟ್ಟಿ ಎಸಳೇ ಹಾಳಾಗಿದ್ದರೆ ಹೊಲಿಯುವುದಕ್ಕೆ ಏನಿರುತ್ತಿತ್ತು? ಅಂಥ ಕೆಲವರಿಗೆ ತೋಳಿನಿಂದ ವಾಲ್ವ್ ಇರುವ ನರದ ತುಂಡು ತಂದು ಕೂರಿಸುತ್ತಾರಂತೆ.

ಸರ್ಜನ್ ಸುಮ್ನೆ ಧೈರ್ಯ ಹೇಳಲಿಲ್ಲ. ಬ್ಯಾಂಡೇಜು, ಬಿಗಿ ಸಾಕ್ಸಿಗೆ ಹುಣ್ಣು ಬಗ್ಗದಿದ್ದರೆ ಮಾತ್ರ ಈ ವಾಲ್ವ್ ರಿಪೇರಿ ಆಪರೇಷನ್, ಗ್ಯಾರಂಟಿ ಕೊಡುವುದಿಲ್ಲ ಅಂದರು. ಹವಾಯಿಯ ಡಾ. ರಾಬರ್ಟ್ ಕಿಸ್ಟ್ನರ್ 1968ರಲ್ಲೇ ಇದನ್ನು ಮಾಡಿದ್ದರಂತೆ. ನನಗಿಂತ ಹಳೆಯ ಆಪರೇಷನ್! ತೊಡೆಸಂದಿಯ ಹತ್ತಿರ ನರ ತೆರೆದು, ಜೋತ ಎಸಳುಗಳನ್ನು ಕೂದಲಿನಂಥ ದಾರದಲ್ಲಿ ಬಿಗಿ ಮಾಡಿದರು.

ಆಮೇಲೆ ರಕ್ತ ತೆಳು ಮಾಡುವ ಮಾತ್ರೆ. ವಾರ್ಡಿನ ಸಿಸ್ಟರ್ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಬಸಳೆಯ ಬಗ್ಗೆಯೇ ಪಾಠ ಮಾಡಿದರು. ಬಿಡಬೇಕಾಗಿಲ್ಲ, ಆದರೆ ಒಂದು ವಾರ ರಾಶಿ, ಇನ್ನೊಂದು ವಾರ ಸೊನ್ನೆ ಅಂತ ಆಗಬಾರದು, ಇಲ್ಲದಿದ್ದರೆ ಮಾತ್ರೆಯ ಲೆಕ್ಕ ತಪ್ಪುತ್ತದೆ ಅಂತ. ಅವಳು ಬಸಳೆ ಪದಾರ್ಥವನ್ನು ಲೋಟದಲ್ಲಿ ಅಳೆದು ಬಡಿಸಿದಳು. ಎರಡನೇ ಸಲ ಕೇಳಿದರೆ ಕಣ್ಣು ಬಿಟ್ಟಳು. ಈ ಸೆಖೆಯಲ್ಲಿ ದಿನಾ ಬೆಳಿಗ್ಗೆ ಆ ಬಿಗಿ ಸಾಕ್ಸ್ ಎಳೆದು ಹಾಕುವವಳೂ ಅವಳೇ. ಅವಳಿಗೆ ಥ್ಯಾಂಕ್ಸ್ ಅಂದರೆ ನಗುತ್ತಾಳೆ, ಅದಕ್ಕೇ ಇಲ್ಲಿ ಬರೆದೆ.

ಕೆಲಸ ಉಳಿಸಿಕೊಟ್ಟ ಬಸ್ಸಿನ ಧಣಿಗಳಿಗೆ, ನನ್ನ ಜೋಡಿ ಡ್ರೈವರಣ್ಣನಿಗೆ, ಪಡುಬಿದ್ರಿಯಲ್ಲಿ ಹತ್ತಿ ತನ್ನ ಸೀಟನ್ನೇ ನನಗೆ ಬಿಟ್ಟುಕೊಟ್ಟ ಟೀಚರಿಗೆ ನಾನು ಋಣಿ.

ಇನ್ನೊಂದು ವಿಷಯ. ಮೂಲ್ಕಿ ದಾಟಿದ ಮೇಲೆ ಸ್ವಲ್ಪ ಹೊತ್ತು ಹಿಂದಿನ ಸೀಟಿನಲ್ಲಿ ಕೂರುತ್ತೇನೆ, ಡಾಕ್ಟರ ಆರ್ಡರ್. ದುಡ್ಡು ಅಲ್ಲಿಗೇ ಪಾಸ್ ಮಾಡಿ. ಚಿಲ್ಲರೆ ಇದ್ದರೆ ಒಳ್ಳೆಯದು.