ಪಟ್ಟಿ ಮಾಡಿದವರು ಯಾರು?

ಮಾನ್ಯರೇ,

‘ಟಾಪ್ 10 ಧಾರಾವಾಹಿಗಳು’ ಎಂಬ ಪಟ್ಟಿ ಮೊಬೈಲ್‌ನಲ್ಲಿ ಕಂಡರೆ ಬೆರಳು ತಾನಾಗಿಯೇ ನಿಲ್ಲುತ್ತದೆ. ನಮ್ಮ ಇಷ್ಟದ್ದು ಎಷ್ಟನೆಯದು ಎಂದು ನೋಡುವ ಆಸೆ. ಕೆಳಗಿದ್ದರೆ ಸಿಟ್ಟು. ಮೊನ್ನೆ ಊಟದ ಹೊತ್ತಿನಲ್ಲಿ ಅಕ್ಕನಿಗೂ ನನಗೂ ಇದೇ ವಿಷಯಕ್ಕೆ ಜಗಳವಾಯಿತು. ಅಮ್ಮ ಕೇಳಿದರು: ‘ಆ ಪಟ್ಟಿ ಮಾಡಿದವರು ಯಾರು?’ ಇಬ್ಬರಿಗೂ ಗೊತ್ತಿರಲಿಲ್ಲ.

ಟಿವಿ ಕಾರ್ಯಕ್ರಮವನ್ನು ಎಷ್ಟು ಜನ ನೋಡಿದರು ಎಂದು ಹೇಳುವ ಟಿಆರ್‌ಪಿ ಬೇರೆ. ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು, ಯಾರು ಏನು ನೋಡಿದರು ಎಂದು ಅಳೆಯುತ್ತದೆ. ಅದರಲ್ಲೂ ಕೊರತೆ ಇರಬಹುದು, ಆದರೆ ಒಂದು ಲೆಕ್ಕವಿದೆ. ಈ ಪಟ್ಟಿಗಳಲ್ಲಿ ಎಷ್ಟೋ ಸಲ ಅದೂ ಇರುವುದಿಲ್ಲ. ಸುಮ್ನೆ ಯಾರೋ ಬರೆದದ್ದು, ಇಲ್ಲವೇ ಫೋನ್ ಹಿಡಿದವರು ಹಾಕಿದ ವೋಟು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡಕ್ಕೂ ಕಾಯುವ ನಮ್ಮ ಮಲೆನಾಡಿನ ಅಜ್ಜಿಯರ ಇಷ್ಟ ಅಲ್ಲಿ ಸೇರುವುದೇ ಇಲ್ಲ, ಅಲ್ವಾ?

ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿ ಬಂದದ್ದು 1980ರ ದಶಕದಲ್ಲಿ. ಆಗ ಇಂಥ ಪಟ್ಟಿ ಎಲ್ಲಿತ್ತು? ಅಮ್ಮ ಈಗಲೂ ಅದರ ಬಗ್ಗೆ ಮಾತಾಡುತ್ತಾರೆ.

ಪಟ್ಟಿ ಹಾಕುವವರು ಎಷ್ಟು ಜನರನ್ನು, ಯಾವಾಗ, ಹೇಗೆ ಕೇಳಿದೆವು ಎಂದು ಒಂದು ಸಾಲನ್ನಾದರೂ ಬರೆಯಲಿ.

– ಒಬ್ಬ ಓದುಗ, ಮೂಡಿಗೆರೆ, ಚಿಕ್ಕಮಗಳೂರು ಜಿಲ್ಲೆ