ಸಾವಿನ ಸುದ್ದಿ ಮೊದಲು ಮನೆಗೆ ತಲುಪಲಿ

ಮಾನ್ಯ ಸಂಪಾದಕರೇ,

ನಮ್ಮ ತಾತ ಬದುಕಿದ್ದಾಗ ಊರಿನಲ್ಲಿ ಯಾರೇ ತೀರಿಕೊಂಡರೂ ಹೊರಗಿನ ನೆಂಟರಿಗೆ ಸುದ್ದಿ ಮುಟ್ಟಿಸಲು ಅವರನ್ನೇ ಕಳುಹಿಸುತ್ತಿದ್ದರು. ಸೈಕಲ್ ತುಳಿದುಕೊಂಡು ಹೋದ ತಾತ ನೇರವಾಗಿ ಆ ಮನೆಯ ಬಾಗಿಲಲ್ಲಿ ನಿಲ್ಲುತ್ತಿರಲಿಲ್ಲವಂತೆ. ಮೊದಲು ಪಕ್ಕದ ಮನೆಯವರನ್ನು ಕಂಡು, ಒಳಗೆ ಯಾರು ಯಾರಿದ್ದಾರೆ, ಉಂಡಿದ್ದಾರೆಯೇ ಎಂದು ವಿಚಾರಿಸುತ್ತಿದ್ದರು. ಉಣ್ಣುತ್ತಿದ್ದರೆ ಎದ್ದು ಕೈ ತೊಳೆಯುವವರೆಗೂ ಜಗಲಿಯ ಮೇಲೆ ಕಾಯುತ್ತಿದ್ದರು. ಆಮೇಲೂ ಸಾವಿನ ಮಾತು ಎತ್ತುತ್ತಿರಲಿಲ್ಲ. ‘ಸ್ವಲ್ಪ ಹುಷಾರು ತಪ್ಪಿದೆ, ಹೊರಡಿ’ ಎನ್ನುತ್ತಿದ್ದರು. ಕೇಳಿದವರಿಗೆ ಅರ್ಥವಾಗುತ್ತಿತ್ತು. ಆದರೂ ಎದೆ ಗಟ್ಟಿ ಮಾಡಿಕೊಳ್ಳಲು ದಾರಿಯುದ್ದದ ಹೊತ್ತು ಸಿಗುತ್ತಿತ್ತು. ಕಾಗದದಲ್ಲಿ ಬಂದ ಸಾವಿನ ಸುದ್ದಿಯನ್ನು ಓದಿ ಅಲ್ಲಿಯೇ ಹರಿದು ಹಾಕುತ್ತಿದ್ದರು, ಅದನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲ ಎಂದು ಅಜ್ಜಿ ಈಗಲೂ ಹೇಳುತ್ತಾರೆ.

ಕಳೆದ ಕಾರ್ತಿಕದಲ್ಲಿ ನನ್ನ ಚಿಕ್ಕಮ್ಮನಿಗೆ ಮಗನ ಸಾವಿನ ಸುದ್ದಿ ತಲುಪಿದ ಬಗೆ ಬೇರೆ. ಅವರು ಊರಾಚೆಯ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಒಣಹಾಕುತ್ತಿದ್ದರು. ಸಂಜೆಯಾದರೂ ಮಗ ಬರಲಿಲ್ಲವೆಂದು ಎರಡು ಸಲ ಫೋನ್ ಮಾಡಿದ್ದರು. ಪಕ್ಕದಲ್ಲಿ ಕೊಪ್ಪರಿಗೆ ನೋಡಿಕೊಳ್ಳುತ್ತಿದ್ದ ಹುಡುಗನ ಮೊಬೈಲಿಗೆ ಊರಿನ ವಾಟ್ಸ್‌ಆ್ಯಪ್ ಗುಂಪಿನಿಂದ ಒಂದು ವಿಡಿಯೊ ಬಂತು. ‘ಅಯ್ಯೋ, ಪಾಪ’ ಎಂದು ಅವನು ಸುತ್ತಲಿದ್ದವರಿಗೆಲ್ಲ ತೋರಿಸಿದ. ಚಿಕ್ಕಮ್ಮ ಇಣುಕಿ ನೋಡಿದರು. ಮುಖ ಗುರುತು ಸಿಗುವಂತಿರಲಿಲ್ಲ. ಗೌರಿ ಹಬ್ಬಕ್ಕೆ ತಾವೇ ಕೊಡಿಸಿದ್ದ ಚೌಕಳಿ ಅಂಗಿಯನ್ನು ಗುರುತು ಹಿಡಿದರು.

ಅವನಿಗೆ ಹತ್ತೊಂಬತ್ತು ವರ್ಷ. ಮೈಸೂರಿನ ಒಂದು ಬೈಕ್ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶವಿಲ್ಲ. ಹಾಗಾಗಿ ಎಲ್ಲರಂತೆ ಅವನೂ ಸರ್ವಿಸ್ ರಸ್ತೆಯಲ್ಲಿ ಬರುತ್ತಿದ್ದ. ದೀಪವಿಲ್ಲದೆ ನಿಂತಿದ್ದ ಲಾರಿ ಅವನಿಗೆ ಕಾಣಿಸಲಿಲ್ಲ. ಆ ವಿಡಿಯೊ ನಲವತ್ತು ಸೆಕೆಂಡುಗಳದ್ದು. ಅದನ್ನು ತೆಗೆಯುವಾಗ ಅವನಿಗೆ ಇನ್ನೂ ಜೀವವಿತ್ತೋ ಇಲ್ಲವೋ ನಮಗೆ ಇಂದಿಗೂ ಗೊತ್ತಿಲ್ಲ. 108 ಒತ್ತಲು ನಲವತ್ತು ಸೆಕೆಂಡು ಬೇಡ. ಆ ಆಂಬುಲೆನ್ಸ್ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದ ಇದೆ. ನನ್ನ ವಯಸ್ಸಿನವರೆಲ್ಲ ಆ ಸಂಖ್ಯೆಯನ್ನು ಕೇಳಿಕೊಂಡೇ ಬೆಳೆದವರು.

‘ಗುರುತು ಸಿಕ್ಕವರು ಕೂಡಲೇ ತಿಳಿಸಿ’ ಎಂಬ ಒಕ್ಕಣೆ ವಿಡಿಯೊದ ಕೆಳಗಿತ್ತು. ಮನೆಯವರನ್ನು ಹುಡುಕಲು ಇದು ಉಪಕಾರವಾಗುತ್ತದೆ ಎಂದು ಆಮೇಲೆ ಕೆಲವರು ನನ್ನೊಡನೆ ವಾದಿಸಿದರು. ಅವರ ಮಾತನ್ನು ನಾನು ತಳ್ಳಿಹಾಕುತ್ತಿರಲಿಲ್ಲ. ಆದರೆ ಬೈಕಿನ ನಂಬರ್ ಪ್ಲೇಟ್ ಆ ವಿಡಿಯೊದಲ್ಲಿಯೇ ಸ್ಪಷ್ಟವಾಗಿ ಕಾಣುತ್ತದೆ. ಅದನ್ನು ಪೊಲೀಸರಿಗೆ ಓದಿ ಹೇಳಿದ್ದರೆ ಸಾಕಿತ್ತು. ಇನ್ನೂ ಒಂದು ವಿಷಯವಿದೆ. ವಿಡಿಯೊದ ಕೊನೆಯಲ್ಲಿ ಅವನ ಜೇಬಿನಲ್ಲಿದ್ದ ಫೋನ್ ರಿಂಗಾಗುವುದು ಕೇಳಿಸುತ್ತದೆ. ಅದು ಚಿಕ್ಕಮ್ಮನ ಕರೆ. ಮನೆಯವರನ್ನು ಹುಡುಕಬೇಕಾಗಿಯೇ ಇರಲಿಲ್ಲ, ಅವರೇ ಕರೆಯುತ್ತಿದ್ದರು.

ಸಂಸ್ಕೃತಿ ಕೆಟ್ಟಿತೆಂದು ಮಾತು ಬಂದಾಗ ಹಿರಿಯರು ನಮ್ಮ ಪೀಳಿಗೆಯ ಕಡೆಗೆ ಬೆರಳು ತೋರಿಸುತ್ತಾರೆ. ರೀಲ್ಸ್, ಸೆಲ್ಫಿ, ಓದಿಲ್ಲ, ಬರಹವಿಲ್ಲ ಎಂದು ಕಾಲೇಜಿನ ಸಮಾರಂಭಗಳಲ್ಲಿ ಅತಿಥಿಗಳಾಗಿ ಬಂದವರೆಲ್ಲ ಹೇಳುತ್ತಾರೆ. ಒಪ್ಪುತ್ತೇನೆ, ನಮ್ಮಲ್ಲಿ ದೋಷವಿದೆ. ಆದರೆ ಆ ಗುಂಪಿನಲ್ಲಿ ವಿಡಿಯೊವನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಹೆಚ್ಚಿನವರು ನನ್ನ ತಂದೆಯ ಓರಗೆಯವರು. ಅವರಲ್ಲಿ ತಾತನ ಜೊತೆ ಓಡಾಡಿ ಬೆಳೆದವರೂ ಇದ್ದಾರೆ. ಕೈಮುಗಿದ ಚಿತ್ರದೊಂದಿಗೆ ‘ಓಂ ಶಾಂತಿ’ ಎಂದು ಹಾಕಿದವರನ್ನು ನಾನು ಎಣಿಸಿದೆ, ಅರವತ್ತೆರಡು ಮಂದಿ. ಆ ರಾತ್ರಿ ಎಂಟರೊಳಗೆ ಚಿಕ್ಕಮ್ಮನ ಮನೆಗೆ ನಡೆದು ಬಂದವರು ನಾಲ್ವರು. ಇವರು ಕೆಟ್ಟವರಲ್ಲ. ಮರುದಿನ ಚಟ್ಟ ಕಟ್ಟಿದವರೂ ಇವರೇ, ಹನ್ನೊಂದನೆಯ ದಿನ ಅಡುಗೆಗೆ ನಿಂತವರೂ ಇವರೇ. ಕೈಯಲ್ಲಿ ಮೊಬೈಲ್ ಇದ್ದ ಆ ಹೊತ್ತಿನಲ್ಲಿ ಮಾತ್ರ, ಈ ಸುದ್ದಿ ಮೊದಲು ಯಾರಿಗೆ ಸೇರಬೇಕಾದದ್ದು ಎಂಬ ಯೋಚನೆ ಅವರಲ್ಲಿ ಯಾರಿಗೂ ಬರಲಿಲ್ಲ.

ಇದನ್ನು ಬರೆಯುವಾಗ ನನ್ನದೇ ಒಂದು ತಪ್ಪನ್ನು ಮುಚ್ಚಿಡಲಾರೆ. 2018ರ ನವೆಂಬರ್ 24ರಂದು ನಮ್ಮ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ಶನಿವಾರ, ಬೆಳಗಿನ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ನಾನು ಆಗ ಎಂಟನೇ ತರಗತಿ. ನಾಲೆಯ ಏರಿಯ ಮೇಲೆ ಸಾಲಾಗಿ ಮಲಗಿಸಿದ್ದ ದೇಹಗಳ ಚಿತ್ರಗಳು ಮಧ್ಯಾಹ್ನದೊಳಗೆ ಅಣ್ಣನ ಮೊಬೈಲಿಗೆ ಬಂದಿದ್ದವು. ಗೆಳತಿಯರನ್ನು ಕರೆದು ತೋರಿಸಿದವಳು ನಾನೇ. ಒದ್ದೆ ಸಮವಸ್ತ್ರದ ಒಂದು ಮಗು ಇನ್ನೂ ನನ್ನ ಕಣ್ಣ ಮುಂದಿದೆ. ಅದೇ ರಾತ್ರಿ ಅಂಬರೀಷ್ ಅವರು ತೀರಿಕೊಂಡರು. ಮಂಡ್ಯದ ಕ್ರೀಡಾಂಗಣದಲ್ಲಿ ಅವರನ್ನು ಕಾಣಲು ಜನ ರಾತ್ರಿಯಿಡೀ ಸಾಲು ನಿಂತರು. ಮುಖ ನೋಡಿ, ಕೈ ಮುಗಿದು, ಅತ್ತು ಬಂದರು. ನಮ್ಮ ಮನೆಯವರೂ ಹೋಗಿದ್ದರು. ಕೊನೆಯ ಸಲ ಮುಖ ನೋಡುವುದು ಎಂದರೆ ನಮ್ಮಲ್ಲಿ ಅಷ್ಟು ದೊಡ್ಡದು. ನಾಲೆಯ ಏರಿಯ ಮೇಲಿದ್ದವರ ಮುಖವನ್ನು ಮಾತ್ರ, ಅವರ ತಾಯಂದಿರು ಬಂದು ಸೇರುವ ಮೊದಲೇ, ಹೆಸರೂ ಗೊತ್ತಿಲ್ಲದ ನಾವು ನೋಡಿ ಮುಗಿಸಿದ್ದೆವು.

ನೆಲಮಂಗಲದ ಬಳಿ 2016ರ ಫೆಬ್ರುವರಿಯಲ್ಲಿ ಅಪಘಾತಕ್ಕೆ ಸಿಕ್ಕಿದ ಗುಬ್ಬಿ ತಾಲ್ಲೂಕಿನ ಯುವಕ ಹರೀಶ್ ಅವರನ್ನು ಓದುಗರು ಮರೆತಿರಲಾರರು. ದೇಹ ಎರಡು ತುಂಡಾಗಿದ್ದರೂ ಕಣ್ಣು ದಾನ ಮಾಡಿ ಎಂದು ಬೇಡಿಕೊಂಡವರು ಅವರು. ಸುತ್ತ ನಿಂತ ಕೆಲವರು ಮೊಬೈಲ್ ಹಿಡಿದಿದ್ದರು ಎಂದು ಆಗಲೇ ವರದಿಯಾಗಿತ್ತು. ಅಪಘಾತದ ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡುವ ಯೋಜನೆಗೆ ಸರ್ಕಾರ ಅವರ ಹೆಸರನ್ನೇ ಇಟ್ಟಿತು. ಸಹಾಯಕ್ಕೆ ಹೋದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕಾಗುತ್ತದೆ ಎಂಬ ಹೆದರಿಕೆಗೂ ಈಗ ಆಧಾರವಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಇದನ್ನು ನಮ್ಮ ಕಾಲೇಜಿನಲ್ಲಿ ಹತ್ತು ಜನರನ್ನು ಕೇಳಿದೆ. ಒಬ್ಬರಿಗೂ ಗೊತ್ತಿರಲಿಲ್ಲ.

ತಮ್ಮನ ಮೇಲೆ ಬಟ್ಟೆ ಹೊದಿಸಿದವರು ರಸ್ತೆ ಬದಿಯಲ್ಲಿ ಎಳನೀರು ಮಾರುವ ಒಬ್ಬ ಹಿರಿಯರು. ಹೆಗಲ ಮೇಲಿನ ಟವೆಲನ್ನೇ ಮುಖದ ಮೇಲೆ ಹಾಸಿ, ಆಂಬುಲೆನ್ಸಿಗೆ ಕರೆ ಮಾಡಿಸಿ, ಅದು ಬರುವವರೆಗೆ ಪಕ್ಕದಲ್ಲಿ ಕುಳಿತಿದ್ದರಂತೆ. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು, ಅದರಲ್ಲಿ ಕರೆನ್ಸಿಯೂ ಮುಗಿದಿತ್ತು. ವಿಡಿಯೊ ತೆಗೆಯುತ್ತಿದ್ದವನ ಕೈಯಿಂದಲೇ ಮೊಬೈಲ್ ಕೇಳಿ ಪಡೆದು ಕರೆ ಮಾಡಿಸಿದರು. ತಿಥಿ ಕಳೆದ ಮೇಲೆ ಚಿಕ್ಕಪ್ಪ ಹೊಸ ಟವೆಲೊಂದನ್ನು ತೆಗೆದುಕೊಂಡು ಹೋಗಿ ಅವರನ್ನು ಕಂಡು ಬಂದರು.

ಟಿ.ವಿ. ವಾಹಿನಿಗಳು ಮೃತದೇಹ, ರಕ್ತಸಿಕ್ತ ಮುಖಗಳನ್ನು ತೋರಿಸಬಾರದೆಂದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2023ರ ಜನವರಿಯಲ್ಲಿ ಸೂಚನೆ ಹೊರಡಿಸಿತ್ತು. ಪರದೆಯನ್ನು ಮಂಜು ಮಾಡಿ ಅದೇ ದೃಶ್ಯವನ್ನು ಇಪ್ಪತ್ತು ಸಲ ತೋರಿಸುವುದನ್ನು ನಾನು ಈಗಲೂ ನೋಡುತ್ತೇನೆ. ಮಂಜು ಮಾಡಿದರೆ ಅಪರಿಚಿತರಿಗೆ ಗುರುತು ಸಿಗುವುದಿಲ್ಲ. ತಾಯಿಗೆ ಅಂಗಿ ಸಾಕು.

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ನಿಧನ’ ಎಂಬ ಚಿಕ್ಕ ಅಂಕಣ ಬರುತ್ತದೆ. ಹೆಸರು, ವಯಸ್ಸು, ಯಾರನ್ನು ಅಗಲಿದ್ದಾರೆ, ಅಂತ್ಯಕ್ರಿಯೆ ಯಾವ ಊರಿನ ಜಮೀನಿನಲ್ಲಿ, ಎಷ್ಟು ಗಂಟೆಗೆ, ಇಷ್ಟೇ. ಅಜ್ಜಿ ಅದನ್ನು ದಿನವೂ ನನ್ನಿಂದ ಓದಿಸಿಕೊಳ್ಳುತ್ತಿದ್ದರು. ತಾತ ಮಾಡುತ್ತಿದ್ದ ಕೆಲಸದಲ್ಲಿ ಸ್ವಲ್ಪ ಅಲ್ಲಿ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ಆದರೆ ಅದೇ ಪತ್ರಿಕೆಗಳ ಮೊಬೈಲ್ ಪುಟಗಳಲ್ಲಿ ಅಪಘಾತದ ಚಿತ್ರಗಳು ನಿಮಿಷಗಳಲ್ಲಿ ಬಂದುಬಿಡುತ್ತವೆ. ಸ್ಥಳೀಯ ವರದಿಗಾರರು ಠಾಣೆಗೆ ಫೋನ್ ಮಾಡಿದಾಗ ‘ಮನೆಯವರಿಗೆ ತಿಳಿಸಿದ್ದೀರಾ?’ ಎಂಬ ಪ್ರಶ್ನೆಯನ್ನು ಮೊದಲು ಕೇಳಲಿ. ಹೌದು ಎಂಬ ಉತ್ತರ ಬರುವವರೆಗೆ ಹೆಸರು, ಚಿತ್ರ, ವಾಹನದ ಸಂಖ್ಯೆ ಯಾವುದೂ ಬೇಡ. ನಮ್ಮ ಊರಿನ ಗುಂಪಿನಲ್ಲಿಯೂ ಇದನ್ನೇ ನಿಯಮ ಮಾಡಿ ಎಂದು ಕೇಳಿದ್ದೇನೆ. ಇಬ್ಬರು ನಿರ್ವಾಹಕರಲ್ಲಿ ಒಬ್ಬರು ಒಪ್ಪಿದ್ದಾರೆ. ಮುದ್ರಣದಲ್ಲಿ ಈ ಪತ್ರ ಬಂದರೆ ಇನ್ನೊಬ್ಬರಿಗೆ ತೋರಿಸುತ್ತೇನೆ.

ಚಿಕ್ಕಮ್ಮನ ಮನೆಯವರಿಗಾಗಿ ನನ್ನ ಹೆಸರನ್ನು ಪ್ರಕಟಿಸಬೇಡಿ ಎಂದು ಕೋರುತ್ತೇನೆ.

– ಅಂತಿಮ ವರ್ಷದ ಬಿ.ಎ. ವಿದ್ಯಾರ್ಥಿನಿ, ಮೈಸೂರು